ಕಾಡಲ್ಲಿ ಊಟ ಸಿಗುತ್ತಿದ್ದಾಗ ಉಳುವ ಕಷ್ಟ ಯಾಕೆ ಬೇಕಿತ್ತು?

ಓದುಗರ ಪ್ರಶ್ನೆ

ನಮಸ್ಕಾರ ಮೇಡಂ. ನಾನು ಮಧುಗಿರಿ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಟೀಚರ್. ಆದಿಮಾನವನ ಪಾಠ ಬಂದಾಗಲೆಲ್ಲ ಒಂದೇ ಕಥೆ ಹೇಳಿಕೊಂಡು ಬಂದಿದ್ದೇನೆ. ಬೇಟೆ ಸಿಗದೆ ಹಸಿವಾಯಿತು, ತಿಂದು ಎಸೆದ ಬೀಜ ಗುಡಿಸಲಿನ ಹತ್ತಿರ ಮೊಳೆತದ್ದನ್ನು ಯಾರೋ ನೋಡಿದರು, ಹಾಗೆ ವ್ಯವಸಾಯ ಶುರುವಾಯಿತು ಅಂತ. ಈ ವರ್ಷ ಒಬ್ಬ ಹುಡುಗ ಎದ್ದು ನಿಂತು, "ಮಿಸ್, ನಮ್ಮಪ್ಪ ವರ್ಷವೆಲ್ಲ ದುಡಿದ್ರೂ ಸಾಲ ತೀರಲ್ಲ. ಅವರಿಗೆ ಕಾಡಲ್ಲಿ ಪುಕ್ಕಟೆ ಸಿಗ್ತಿತ್ತಲ್ಲ, ಉಳೋ ಕಷ್ಟ ಯಾಕೆ ಬೇಕಿತ್ತು?" ಅಂದ. ನನಗೆ ಉತ್ತರ ಹೊಳೆಯಲಿಲ್ಲ.

ಮನೆಯಲ್ಲಿ ಇನ್ನೊಂದು ಕಥೆ. ಬೆಂಗಳೂರಿನಲ್ಲಿರುವ ನಮ್ಮ ಭಾವ ಅನ್ನ, ಮುದ್ದೆ, ಚಪಾತಿ ಎಲ್ಲ ಬಿಟ್ಟಿದ್ದಾರೆ. "ವ್ಯವಸಾಯವೇ ಮನುಷ್ಯ ಮಾಡಿದ ದೊಡ್ಡ ತಪ್ಪು. ಗೋಧಿಯೇ ನಮ್ಮನ್ನು ಪಳಗಿಸಿತು. ಧಾನ್ಯ ನಮ್ಮ ಹೊಟ್ಟೆಗೆ ಹೊಸದು" ಅನ್ನುತ್ತಾರೆ. ಇದರಲ್ಲಿ ಎಷ್ಟು ನಿಜ? ನಮ್ಮ ಕಡೆ ವ್ಯವಸಾಯ ಶುರುವಾದದ್ದು ಹೇಗೆ? ಮಕ್ಕಳಿಗೆ ಕಣ್ಣಾರೆ ತೋರಿಸುವಂಥದ್ದು ಏನಾದರೂ ಇದ್ದರೆ ತಿಳಿಸಿ.

ಉತ್ತರ

ನಮಸ್ಕಾರ. ಆ ಹುಡುಗನಿಗೆ ಮೊದಲು ಒಂದು ಮಾತು ಹೇಳಿಬಿಡಿ. ಅವನು ಕೇಳಿದ್ದನ್ನೇ ಹಿಡಿದುಕೊಂಡು ನಮ್ಮ ಕ್ಷೇತ್ರದವರು ತೊಂಬತ್ತು ವರ್ಷದಿಂದ ಜಗಳ ಆಡುತ್ತಿದ್ದಾರೆ. ಹಳೆಯ ಊರುಗಳ ಮಣ್ಣಿನಲ್ಲಿ ಸುಟ್ಟು ಉಳಿದ ಕಾಳುಗಳನ್ನು ಹುಡುಕಿ ಓದುವುದು ನನ್ನ ಕೆಲಸ. ಆ ಕಾಳುಗಳು ಹೇಳುವ ಕಥೆಗೂ ನೀವು ಕಲಿಸುತ್ತಿರುವ ಕಥೆಗೂ ಹೊಂದಿಕೆ ಆಗುವುದಿಲ್ಲ. ನಿಮ್ಮ ಭಾವನವರ ಕಥೆಗೂ ಪೂರ್ತಿ ಹೊಂದುವುದಿಲ್ಲ.

ಎಸೆದ ಬೀಜದ ಕಥೆಯಿಂದ ಶುರು ಮಾಡೋಣ. ಬೀಜ ಮೊಳೆಯುತ್ತೆ ಅಂತ ಗೊತ್ತಿಲ್ಲದೆ ಜನ ಸಾವಿರಾರು ವರ್ಷ ಕಾಡಲ್ಲಿ ಬದುಕಿದ್ದರು ಅನ್ನುವುದನ್ನು ನಾನು ನಂಬುವುದಿಲ್ಲ. ಕಾಡಿನ ಮೇಲೆ ಬದುಕುವವರಿಗೆ ಯಾವ ಗೆಡ್ಡೆ ಯಾವ ತಿಂಗಳಲ್ಲಿ ಕಹಿ, ಯಾವ ಹುಲ್ಲಿನ ತೆನೆ ಯಾವ ವಾರ ಉದುರುತ್ತೆ ಅನ್ನುವುದೆಲ್ಲ ನಮಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬಿತ್ತದೆ ಇದ್ದವರು ಬೇಕಾದಷ್ಟು ಜನ. 1960ರ ದಶಕದಲ್ಲಿ ರಿಚರ್ಡ್ ಲೀ ಎಂಬ ಮಾನವಶಾಸ್ತ್ರಜ್ಞ ಆಫ್ರಿಕಾದ ಕಲಹಾರಿ ಮರುಭೂಮಿಯ ಸಾನ್ ಜನರ ಜೊತೆ ಇದ್ದು ಅವರ ದಿನಚರಿ ಬರೆದುಕೊಂಡರು. ಅಲ್ಲಿ ಮೊಂಗೊಂಗೊ ಅನ್ನುವ ಮರದ ಬೀಜ ಧಾರಾಳ. ಇಷ್ಟೊಂದು ಮೊಂಗೊಂಗೊ ಇರುವಾಗ ನಾವೇಕೆ ಬಿತ್ತಬೇಕು ಅಂತ ಅವರೇ ಕೇಳಿದ್ದರು. ನಿಮ್ಮ ವಿದ್ಯಾರ್ಥಿ ಕೇಳಿದ್ದೂ ಅದನ್ನೇ.

ಹಳೆಯ ಸಾಕ್ಷಿಯೂ ಇದನ್ನೇ ಹೇಳುತ್ತೆ. ಇಸ್ರೇಲಿನ ಗಲಿಲೀ ಸರೋವರದ ದಡದಲ್ಲಿ ಒಹಾಲೊ ಅಂತ ಒಂದು ಜಾಗ ಇದೆ. 1989ರಲ್ಲಿ ನೀರು ಇಳಿದಾಗ 23,000 ವರ್ಷ ಹಳೆಯ ಗುಡಿಸಲುಗಳ ನೆಲ ಅಲ್ಲಿ ಕಂಡಿತು. ಒಳಗೆ ಕಾಡು ಗೋಧಿ, ಕಾಡು ಬಾರ್ಲಿಯ ಕಾಳು. ಜೊತೆಗೆ ಅರೆಯುವ ಕಲ್ಲು. ಅಲ್ಲಿಂದ ಮುಂದೆ ಬಂದರೆ, ಜೋರ್ಡಾನಿನ ಶುಬೈಖದಲ್ಲಿ 14,400 ವರ್ಷ ಹಿಂದಿನ ಒಲೆಯಲ್ಲಿ ಸುಟ್ಟ ರೊಟ್ಟಿಯ ಚೂರುಗಳು ಸಿಕ್ಕಿವೆ. ಆ ರೊಟ್ಟಿಯ ಹಿಟ್ಟಿನಲ್ಲಿ ಕಾಡು ಗೋಧಿಯ ಜೊತೆ ಜೊಂಡಿನ ಗೆಡ್ಡೆಯನ್ನೂ ಸೇರಿಸಿದ್ದರು. ಆ ಪ್ರದೇಶದಲ್ಲಿ ಬೇಸಾಯದ ಗೋಧಿ ಕಾಣಿಸಿಕೊಳ್ಳುವುದು ಸುಮಾರು 10,500 ವರ್ಷ ಹಿಂದೆ. ರೊಟ್ಟಿ ಮೊದಲು, ಹೊಲ ಆಮೇಲೆ. ನಡುವೆ ನಾಲ್ಕು ಸಾವಿರ ವರ್ಷದ ಅಂತರ.

ಹಸಿವಿನ ಕಥೆಯೂ ನಿಲ್ಲುವುದಿಲ್ಲ. ಹಸಿದವನು ಕಾಳನ್ನು ಬಾಯಿಗೆ ಹಾಕುತ್ತಾನೆ, ಮಣ್ಣಿಗೆ ಹಾಕಿ ನಾಲ್ಕು ತಿಂಗಳು ಕಾಯುವುದಿಲ್ಲ. ಬಿತ್ತನೆ ಬೀಜವನ್ನೇ ತಿನ್ನುವ ಸ್ಥಿತಿ ಬಂತು ಅಂದರೆ ನಮ್ಮ ರೈತರಿಗೆ ಅದರ ಅರ್ಥ ಗೊತ್ತು. ಕಾಡು ಧಾನ್ಯ ಅಷ್ಟೊಂದು ಅಪರೂಪವೂ ಆಗಿರಲಿಲ್ಲ. ಜ್ಯಾಕ್ ಹಾರ್ಲನ್ ಅನ್ನುವ ಅಮೆರಿಕದ ಸಸ್ಯವಿಜ್ಞಾನಿ 1966ರಲ್ಲಿ ಟರ್ಕಿಯ ಕರಜದಾಗ್ ಬೆಟ್ಟದ ಇಳಿಜಾರಿನಲ್ಲಿ ಕಾಡು ಗೋಧಿಯನ್ನು ಕೈಯಿಂದಲೂ, ಕಲ್ಲಿನ ಅಲಗು ಕೂರಿಸಿದ ಕುಡುಗೋಲಿನಿಂದಲೂ ಕೊಯ್ದು ನೋಡಿದರು. ಹೊಟ್ಟು ತೆಗೆದ ಮೇಲೂ ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಕಾಳು ಸಿಕ್ಕಿತು. ಒಂದು ಕುಟುಂಬ ಮೂರು ವಾರ ಕೊಯ್ದರೆ ವರ್ಷಕ್ಕೆ ಸಾಕಾಗಿ ಮಿಗುತ್ತೆ ಅಂತ ಅವರು ಲೆಕ್ಕ ಹಾಕಿದರು. ಉಳಬೇಕಾಗಿಲ್ಲ, ಕಳೆ ಕೀಳಬೇಕಾಗಿಲ್ಲ. ಇಂಥ ಜಾಗದಲ್ಲಿ ಇರುವವರು ಯಾಕೆ ಬಿತ್ತುತ್ತಾರೆ, ಅಲ್ವಾ?

ಇಲ್ಲಿ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಬೇಕು. "ವ್ಯವಸಾಯ ಶುರು ಮಾಡೋಣ" ಅಂತ ಯಾರೂ ಯಾವತ್ತೂ ತೀರ್ಮಾನ ಮಾಡಲಿಲ್ಲ. ಜನ ಸಣ್ಣಪುಟ್ಟ ಕೆಲಸ ಮಾಡಿದರು. ಗಿಡ ತಾನಾಗಿ ಬದಲಾಯಿತು. ಬದಲಾದದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಬಿಟ್ಟು ಹೋಗುವ ದಾರಿ ಮುಚ್ಚಿತ್ತು. ಹಾಗಾಗಿ ನಾನಾದರೆ ಯಾಕೆ ಶುರು ಮಾಡಿದರು ಅನ್ನುವುದಕ್ಕಿಂತ ಯಾಕೆ ನಿಲ್ಲಿಸಲಿಲ್ಲ ಅಂತ ಕೇಳುತ್ತೇನೆ.

ಗಿಡ ಬದಲಾಗುವುದು ಅಂದರೇನು ಅಂತ ಹೇಳುತ್ತೇನೆ. ಅಗೆದ ಜಾಗದ ಮಣ್ಣನ್ನು ನಾವು ನೀರಿಗೆ ಹಾಕಿ ಕಲಕುತ್ತೇವೆ. ಮಣ್ಣು ತಳಕ್ಕೆ ಹೋಗುತ್ತೆ, ಇದ್ದಿಲಾದ ಕಾಳು, ಹೊಟ್ಟು, ಕಡ್ಡಿ ಮೇಲೆ ತೇಲುತ್ತೆ. ಅದನ್ನು ಸಣ್ಣ ಜರಡಿಯಲ್ಲಿ ಹಿಡಿದು ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ವಿಂಗಡಿಸುತ್ತೇವೆ. ಭತ್ತ, ಗೋಧಿಯಂಥ ಬೆಳೆಗಳಲ್ಲಿ ನಮಗೆ ಕಾಳಿಗಿಂತ ಹೊಟ್ಟೇ ಮುಖ್ಯ. ಕಾಳು ತೆನೆಗೆ ಅಂಟಿಕೊಂಡಿದ್ದ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಗುರುತು ಇರುತ್ತೆ. ಕಾಡು ಗಿಡದಲ್ಲಿ ಆ ಗುರುತು ನುಣ್ಣಗೆ, ದುಂಡಗೆ ಇರುತ್ತೆ. ಹಣ್ಣಾದ ಕೂಡಲೇ ಕಾಳು ತಾನಾಗಿ ಕಳಚಿ ಬಿದ್ದ ಗುರುತು ಅದು. ಬೇಸಾಯದ ಗಿಡದಲ್ಲಿ ಅದು ಒರಟು, ಹರಿದ ಹಾಗೆ. ಒಕ್ಕಣೆಯಲ್ಲಿ ಬಡಿದು ಮುರಿದದ್ದು.

ಕಾಡು ಗಿಡಕ್ಕೆ ಕಾಳು ಉದುರಲೇಬೇಕು, ಇಲ್ಲದಿದ್ದರೆ ಅದರ ವಂಶ ಮುಂದುವರಿಯುವುದಿಲ್ಲ. ಆದರೆ ಸಾವಿರಾರು ಗಿಡಗಳಲ್ಲಿ ಎಲ್ಲೋ ಒಂದೆರಡರಲ್ಲಿ ಉದುರುವ ಗುಣ ಕೆಟ್ಟಿರುತ್ತೆ. ಕುಡುಗೋಲು ಹಾಕಿದಾಗ ಉದುರುವಂಥವು ನೆಲಕ್ಕೆ ಬೀಳುತ್ತವೆ, ಉದುರದೆ ನಿಂತವು ಮನೆಗೆ ಬರುತ್ತವೆ. ಮನೆಗೆ ಬಂದದ್ದರಲ್ಲಿ ಒಂದು ಪಾಲನ್ನು ಮುಂದಿನ ವರ್ಷ ಹೊಸ ಜಾಗದಲ್ಲಿ ಚೆಲ್ಲಿದರೆ ಅಲ್ಲಿ ಉದುರದ ಗಿಡಗಳ ಪಾಲು ಒಂಚೂರು ಜಾಸ್ತಿ. ಮತ್ತೆ ಕೊಯ್ಲು, ಮತ್ತೆ ಬಿತ್ತನೆ. ಇಲ್ಲಿ "ಕೊಯ್ದದ್ದನ್ನೇ ಬಿತ್ತುವುದು" ಅನ್ನುವುದೇ ಬಹಳ ಮುಖ್ಯ. ಬುಟ್ಟಿ ಹಿಡಿದು ತೆನೆಯನ್ನು ತಟ್ಟಿ ಕಾಳು ಉದುರಿಸಿಕೊಂಡರೆ ಈ ಬದಲಾವಣೆ ಆಗುವುದಿಲ್ಲ. ಹಸಿ ಇರುವಾಗಲೇ ಕೊಯ್ದರೂ ಆಗುವುದಿಲ್ಲ. ತಂದದ್ದನ್ನೆಲ್ಲ ತಿಂದು ಮುಗಿಸಿದರಂತೂ ಆಗುವುದೇ ಇಲ್ಲ. ಒಹಾಲೊದವರ ಕಾಲದಿಂದ ಅಷ್ಟು ಸಾವಿರ ವರ್ಷ ತಿಂದರೂ ಗೋಧಿ ಕಾಡು ಗೋಧಿಯಾಗಿಯೇ ಉಳಿದದ್ದಕ್ಕೆ ಇದು ಒಂದು ಕಾರಣ.

ಇದೆಲ್ಲ ಎಷ್ಟು ಬೇಗ ಆಯಿತು? 1990ರಲ್ಲಿ ಗಾರ್ಡನ್ ಹಿಲ್‌ಮನ್ ಮತ್ತು ಸ್ಟುವರ್ಟ್ ಡೇವಿಸ್ ಲೆಕ್ಕ ಹಾಕಿ, ಸರಿಯಾಗಿ ಕೊಯ್ದು ಬಿತ್ತಿದರೆ 200 ವರ್ಷದೊಳಗೆ, ಇನ್ನೂ ಬೇಗ ಬೇಕಾದರೂ ಆಗಬಹುದು ಅಂದರು. ನೆಲದ ಸಾಕ್ಷಿ ಮಾತ್ರ ಬೇರೆ ಹೇಳಿತು. ಚೀನಾದ ಯಾಂಗ್ಟ್ಸೆ ನದಿಯ ಕೆಳದಂಡೆಯ ಕಡೆ ಟಿಯಾನ್‌ಲುವೊಶಾನ್ ಅನ್ನುವಲ್ಲಿ ಸಿಕ್ಕ ಭತ್ತದ ಹೊಟ್ಟನ್ನು ಎಣಿಸಿದಾಗ, ಒರಟು ಗುರುತಿನ ಹೊಟ್ಟು 6,900 ವರ್ಷ ಹಿಂದೆ ಶೇ. 27 ಇತ್ತು, 6,600 ವರ್ಷ ಹಿಂದೆ ಶೇ. 39 ಆಗಿತ್ತು. ಮುನ್ನೂರು ವರ್ಷಕ್ಕೆ ಇಷ್ಟೇ ಬದಲಾವಣೆ! ಪೂರ್ತಿ ಬದಲಾಗಲು ಸಾವಿರಾರು ವರ್ಷ ಬೇಕಾಯಿತು. ಪಶ್ಚಿಮ ಏಷ್ಯಾದ ಗೋಧಿ, ಬಾರ್ಲಿಯಲ್ಲೂ ಹೀಗೇ. ಅಜ್ಜಿ ಕಂಡ ಭತ್ತಕ್ಕೂ ಮೊಮ್ಮಗಳು ಕಂಡ ಭತ್ತಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಇರಲಿಲ್ಲ. ಗಾರ್ಡನ್ ಚೈಲ್ಡ್ ಅನ್ನುವ ಪುರಾತತ್ತ್ವಜ್ಞ 1930ರ ದಶಕದಲ್ಲಿ ಇದನ್ನು ಕ್ರಾಂತಿ ಅಂದರು, ಪಠ್ಯಪುಸ್ತಕಗಳಿಗೆ ಆ ಮಾತು ಅಂಟಿಕೊಂಡಿತು. ಪರಿಣಾಮದಲ್ಲಿ ಕ್ರಾಂತಿಯೇ ಸರಿ, ವೇಗದಲ್ಲಿ ಅಲ್ಲ.

ಆದರೂ ಒಂದು ಅನುಮಾನ ಉಳಿಯುತ್ತೆ. ನಮ್ಮ ಜಾತಿಯ ಮನುಷ್ಯ ಭೂಮಿಯ ಮೇಲೆ ಇದ್ದದ್ದು ಸುಮಾರು 3 ಲಕ್ಷ ವರ್ಷದಿಂದ. ಬೇಸಾಯ ಕಾಣುವುದು ಕೊನೆಯ 11-12 ಸಾವಿರ ವರ್ಷಗಳಲ್ಲಿ ಮಾತ್ರ. ಅದೂ ಒಂದು ಕಡೆ ಅಲ್ಲ. ಪಶ್ಚಿಮ ಏಷ್ಯಾ, ಚೀನಾ, ಮೆಕ್ಸಿಕೊ, ಆಂಡಿಸ್, ನ್ಯೂಗಿನಿ, ಆಫ್ರಿಕಾ, ಭಾರತ, ಹೀಗೆ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಕಡೆಗಳಲ್ಲಿ ಬೇರೆಬೇರೆಯಾಗಿ. ಕಾಕತಾಳೀಯ ಅಂತ ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ.

ಹವಾಮಾನವೇ ಇದಕ್ಕೆ ಮೊದಲ ಉತ್ತರ. ಹಿಮಯುಗದ ಉತ್ತುಂಗದಲ್ಲಿ ಗಾಳಿಯಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 180-190 ಭಾಗ ಅಷ್ಟೇ. ಹಿಮಯುಗ ಮುಗಿಯುವ ಹೊತ್ತಿಗೆ ಅದು 260-270ರ ಹತ್ತಿರ ಬಂತು. ಗಿಡಗಳಿಗೆ ಅದೇ ಆಹಾರ, ಹಾಗಾಗಿ ಇಳುವರಿ ತಾನಾಗಿ ಏರಿತು. ಇನ್ನೂ ದೊಡ್ಡ ವಿಷಯ ಹವೆಯ ಚಂಚಲತೆ. ಹಿಮಯುಗದಲ್ಲಿ ಒಬ್ಬರ ಜೀವಮಾನದಲ್ಲೇ ಮಳೆ, ಚಳಿ ತಲೆಕೆಳಗಾಗುತ್ತಿತ್ತು. ಒಂದೇ ಜಾಗದ ಒಂದೆರಡು ಗಿಡ ನಂಬಿಕೊಂಡರೆ ಸತ್ತ ಹಾಗೆ. 12,900 ವರ್ಷ ಹಿಂದೆ ಮತ್ತೊಮ್ಮೆ ಜೋರು ಚಳಿ ಬಂದು, 11,700 ವರ್ಷ ಹಿಂದೆ ಅದು ಮುಗಿದ ಮೇಲೆ ಹವೆ ಹೆಚ್ಚುಕಡಿಮೆ ನೆಲೆ ನಿಂತಿತು. ಆಮೇಲೆ ಒಂದು ಗಿಡದ ಹಿಂದೆ ನೂರಾರು ವರ್ಷ ಬೀಳುವುದು ಸಾಧ್ಯವಾಯಿತು.

ನನ್ನ ಲೆಕ್ಕದಲ್ಲಿ ಇದು ಅವಕಾಶ, ಕಾರಣ ಅಲ್ಲ. ಅದೇ ಹವೆ ಕ್ಯಾಲಿಫೋರ್ನಿಯಾಕ್ಕೂ ಬಂತು. ಅಲ್ಲಿನ ಮೂಲನಿವಾಸಿಗಳು ಓಕ್ ಮರದ ಕಾಯಿಯನ್ನು ಹಿಟ್ಟು ಮಾಡಿ, ಕಹಿ ತೊಳೆದು, ಕೂಡಿಟ್ಟು ದೊಡ್ಡ ಊರುಗಳಲ್ಲಿ ಬದುಕಿದರು. ಓಕ್ ಪಳಗಲಿಲ್ಲ. ಬೀಜದಿಂದ ಕಾಯಿಗೆ ವರ್ಷಗಟ್ಟಲೆ ಕಾಯಬೇಕಾದ ಮರವನ್ನು ಕೊಯ್ದು ಬಿತ್ತಿ ಬದಲಾಯಿಸುವುದು ಸುಲಭವಲ್ಲ.

ಹಾಗಾದರೆ ಅವಕಾಶ ಸಿಕ್ಕವರು ಅದನ್ನು ಬಳಸಿಕೊಂಡದ್ದು ಯಾಕೆ? ಅವರ ಜಾಗದಲ್ಲಿ ನಿಂತು ನೋಡಿ. ಎರಡು ವರ್ಷ ಮಳೆ ಕೈಕೊಟ್ಟಿದೆ, ಜಿಂಕೆ ಕಡಿಮೆಯಾಗಿದೆ. ಏನು ಮಾಡಬಹುದು? ಎದ್ದು ಬೇರೆ ಕಡೆ ಹೋಗಬಹುದು. ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಒಳ್ಳೆಯ ಉಪಾಯ ಅದು. ಆದರೆ ಅಲ್ಲಿ ಆಗಲೇ ಬೇರೆಯವರು ಇದ್ದರೆ ಜಗಳ ಖಂಡಿತ. ಅಲ್ಲೇ ಉಳಿದು, ಮೊದಲು ಬೇಡ ಅಂತ ಬಿಟ್ಟದ್ದನ್ನು ತಿನ್ನಬಹುದು. ಹುಲ್ಲಿನ ಸಣ್ಣ ಕಾಳು, ಬಸವನಹುಳು, ಇಂಥವು. ಕೆಲಸ ಜಾಸ್ತಿ, ತುತ್ತು ಕಡಿಮೆ. ಕೂಡಿಡಬಹುದು. ಹುಳು, ಇಲಿ, ಕಳ್ಳರ ಕಾಟ ಇದ್ದದ್ದೇ. ಇಲ್ಲವೇ ಬೇಕಾದ ಹುಲ್ಲು ಬೆಳೆಯುವ ಜಾಗಕ್ಕೆ ಬೆಂಕಿ ಹಚ್ಚಿ, ಪೊದೆ ಸವರಿ, ಹೊಳೆ ಇಳಿದ ಮೆಕ್ಕಲಿನಲ್ಲಿ ಒಂದು ಹಿಡಿ ಕಾಳು ಚೆಲ್ಲಿ ಹೋಗಬಹುದು. ಬಂದರೆ ಬಂತು, ಇಲ್ಲದಿದ್ದರೆ ಹೋಯಿತು. ಮೊದಮೊದಲ ಬೇಸಾಯ ಈ ಕೊನೆಯ ಜಾತಿಯದು ಅಂತ ನನ್ನ ಅಭಿಪ್ರಾಯ. ಹತ್ತು ಉಪಾಯಗಳಲ್ಲಿ ಒಂದು. ಊಟದ ಮುಖ್ಯ ಪಾಲು ಇನ್ನೂ ಕಾಡಿನದೇ.

ಕೂಡಿಡುವುದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಜನ ಸಿಕ್ಕಿಬಿದ್ದದ್ದು ಅಲ್ಲೇ. ಜೋರ್ಡಾನಿನ ಧ್ರಾ ಅನ್ನುವಲ್ಲಿ 11,300 ವರ್ಷ ಹಿಂದಿನ ಕಣಜಗಳು ಸಿಕ್ಕಿವೆ. ಗಾಳಿ ಆಡಲಿ, ಇಲಿ ಬರದಿರಲಿ ಅಂತ ನೆಲದಿಂದ ಮೇಲೆತ್ತಿ ಹಲಗೆ ಹಾಕಿ ಕಟ್ಟಿದವು. ಒಳಗಿದ್ದದ್ದು ಇನ್ನೂ ಪಳಗದ ಧಾನ್ಯ. ಒಂದು ಹಸು ಕಟ್ಟಿದ ಮನೆಯವರು ನೆಂಟರ ಮದುವೆಗೂ ಎರಡು ದಿನ ಊರು ಬಿಡಲಾರರು, ಕಣಜ ಕಟ್ಟಿದವರ ಪಾಡೂ ಅದೇ. ಕಾಳು ಬಿಟ್ಟು ಹೋಗುವ ಹಾಗಿಲ್ಲ, ಹೊತ್ತು ತಿರುಗುವ ಹಾಗೂ ಇಲ್ಲ. ಅಲ್ಲೇ ನೆಲೆಸಿದರು. ಅಲೆಯುವ ತಾಯಿ ಒಂದು ಮಗುವನ್ನು ಹೊತ್ತು ನಡೆಯಬೇಕು, ಹಾಗಾಗಿ ಎರಡು ಹೆರಿಗೆಗಳ ನಡುವೆ ಮೂರು-ನಾಲ್ಕು ವರ್ಷ ಅಂತರ. ನೆಲೆ ನಿಂತವಳಿಗೆ ಆ ತೊಂದರೆ ಇಲ್ಲ. ಮಗುವಿಗೆ ಬೇಗ ಗಂಜಿ ಕೊಟ್ಟು ಹಾಲು ಬಿಡಿಸಬಹುದು. ಮಕ್ಕಳು ಜಾಸ್ತಿಯಾದರು. ಅವರಿಗೆ ಊಟಕ್ಕೆ ಇನ್ನಷ್ಟು ಬಿತ್ತನೆ. ಎರಡು-ಮೂರು ತಲೆಮಾರು ಕಳೆದ ಮೇಲೆ ಸುತ್ತಲಿನ ಕಾಡು ಅಷ್ಟು ಬಾಯಿಗಳನ್ನು ಸಾಕಲಾರದು. ವಾಪಸ್ ಹೋಗಬೇಕು ಅಂದರೆ ಅರ್ಧ ಜನ ಸಾಯಬೇಕು. ನಿಮ್ಮ ಹುಡುಗನ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇದು. ಕಾಡಲ್ಲಿ ಪುಕ್ಕಟೆ ಸಿಗುತ್ತಿತ್ತು, ನಿಜ. ಕಡಿಮೆ ಜನಕ್ಕೆ.

ಹಬ್ಬಕ್ಕಾಗಿ, ಬಿಯರಿಗಾಗಿ ಧಾನ್ಯ ಬೆಳೆದರು ಅನ್ನುವ ವಾದವೂ ಇದೆ. ಟರ್ಕಿಯ ಗೋಬೆಕ್ಲಿ ಟೆಪೆಯಲ್ಲಿ ಸುಮಾರು 11,500 ವರ್ಷ ಹಿಂದೆ, ಗೋಧಿ ಪಳಗುವ ಮೊದಲೇ, ಭಾರಿ ಕಲ್ಲುಕಂಬಗಳನ್ನು ನಿಲ್ಲಿಸಿದ್ದಾರೆ. ಹಾರ್ಲನ್ ಕಾಡು ಗೋಧಿ ಕೊಯ್ದ ಬೆಟ್ಟ ಅಲ್ಲಿಂದ ದೂರವೇನಲ್ಲ. ಅಷ್ಟು ಜನ ಸೇರಿದರೆ ಅಡುಗೆ ಆಗಲೇಬೇಕಲ್ಲ. ಅಲ್ಲಿಗೆ ಇದು ಒಪ್ಪಬಹುದು. ಎಲ್ಲ ಕಡೆಗೂ ಅದನ್ನೇ ಎಳೆಯುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ನಿಮ್ಮ ಭಾವನವರು. "ದೊಡ್ಡ ತಪ್ಪು" ಅನ್ನುವ ಮಾತಿನ ಹಿಂದೆ ನಿಜವಾದ ಮೂಳೆಗಳಿವೆ. ಸಿರಿಯಾದ ಅಬು ಹುರೇರ ಅನ್ನುವ ಹಳೆಯ ಊರನ್ನು 1972-73ರಲ್ಲಿ ಅಗೆದರು, ಈಗ ಅದು ಅಣೆಕಟ್ಟಿನ ನೀರಿನಡಿ ಇದೆ. ಅಲ್ಲಿನ ಹೆಂಗಸರ ಅಸ್ಥಿಪಂಜರಗಳಲ್ಲಿ ಕಾಲಿನ ಹೆಬ್ಬೆರಳು, ಮಂಡಿ, ಸೊಂಟ ಸವೆದು ಸೊಟ್ಟಗಾಗಿದ್ದವು. ದಿನವೂ ಗಂಟೆಗಟ್ಟಲೆ ಮಂಡಿಯೂರಿ, ಬೆರಳು ಮಡಚಿ ನೆಲಕ್ಕೆ ಒತ್ತಿ ಧಾನ್ಯ ಅರೆದದ್ದರ ಫಲ ಅದು. ಬೇಸಾಯ ಬಂದ ಮೇಲೆ ಎಷ್ಟೋ ಕಡೆ ಜನರ ಎತ್ತರ ಕುಗ್ಗಿದೆ, ಹಲ್ಲು ಹುಳುಕಾಗಿದೆ. ಎಲ್ಲ ಕಡೆಯೂ ಒಂದೇ ಥರ ಅಲ್ಲ, ಆದರೂ ಸುಳ್ಳಲ್ಲ. ಆದರೆ ತಪ್ಪು ಅನ್ನಬೇಕಾದರೆ ಯಾರಾದರೂ ಎರಡು ದಾರಿಯನ್ನೂ ನೋಡಿ ಒಂದನ್ನು ಆರಿಸಿರಬೇಕು. ಸಾವಿರಾರು ವರ್ಷ ಹರಡಿಕೊಂಡ ಬದಲಾವಣೆಯಲ್ಲಿ ಹಾಗೆ ಆರಿಸಿದವರು ಯಾರೂ ಇಲ್ಲ.

ಧಾನ್ಯ ಹೊಟ್ಟೆಗೆ ಹೊಸದು ಅನ್ನುವುದು ಮಾತ್ರ ಸರಿಯಲ್ಲ. ಇರಾಕಿನ ಶಾನಿದಾರ್ ಗುಹೆಯ ನಿಯಾಂಡರ್ತಲ್ ಅನ್ನುವ, ಬೇಸಾಯಕ್ಕೆ ಎಷ್ಟೋ ಮೊದಲೇ ಅಳಿದುಹೋದ ಹಳೆಯ ಮಾನವರ ಹಲ್ಲಿನ ಪಾಚಿಯಲ್ಲೇ ಬೇಯಿಸಿದ ಬಾರ್ಲಿಯ ಜಾತಿಯ ಪಿಷ್ಟ ಸಿಕ್ಕಿದೆ. ಸಕ್ಕರೆ ಕಾಯಿಲೆಗೋ ತೂಕಕ್ಕೋ ಧಾನ್ಯ ಕಡಿಮೆ ಮಾಡುವುದಿದ್ದರೆ ಅದನ್ನು ಡಾಕ್ಟರ ಹತ್ತಿರ ಮಾತಾಡಿ ಮಾಡಲಿ. ಆದಿಮಾನವನನ್ನು ಸಾಕ್ಷಿಗೆ ಕರೆಯುವುದು ಬೇಡ. ಅವನು ಜೊಂಡಿನ ಗೆಡ್ಡೆಯನ್ನೂ ರೊಟ್ಟಿಗೆ ಹಾಕಿದವನು.

ಈಗ ನಮ್ಮ ಕಡೆ. ಪಶ್ಚಿಮ ಏಷ್ಯಾದ ಕಥೆಯನ್ನು ಇಲ್ಲಿಗೆ ಅಂಟಿಸಿದರೆ ಎಡವಟ್ಟಾಗುತ್ತೆ. ಅಲ್ಲಿ ಮೊದಲು ಗಿಡ, ಆಮೇಲೆ ದನ. ನಮ್ಮ ಬಯಲುಸೀಮೆಯಲ್ಲಿ ದನ ಮೊದಲು ಕಾಣಿಸುತ್ತೆ. ಬಳ್ಳಾರಿ, ರಾಯಚೂರು, ಕಲಬುರಗಿ ಕಡೆ ಬೂದಿದಿಬ್ಬಗಳಿವೆ, ನೋಡಿರಬಹುದು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಅಂತ ಜನ ಹೇಳುತ್ತಾರೆ. ಅದು ಸಗಣಿಯ ಬೂದಿ. ಪುರಾತತ್ತ್ವಜ್ಞ ಆಲ್ಚಿನ್ ಅವರು 1950ರ ದಶಕದಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದನಗಳ ಗೊರಸಿನ ಗುರುತೇ ಸಿಕ್ಕಿತು. ದೊಡ್ಡಿಯಲ್ಲಿ ಸೇರಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟಿದ್ದರು. ಕೆಲವು ಕಡೆ ಬೆಂಕಿ ಎಷ್ಟು ಜೋರಾಗಿತ್ತೆಂದರೆ ಬೂದಿ ಕರಗಿ ಗಾಜಿನ ಹಾಗೆ ಗಟ್ಟಿಯಾಗಿದೆ. ಸುಮಾರು ಐದು ಸಾವಿರ ವರ್ಷದಿಂದ ಈಚಿನ ಕಥೆ ಇದು.

ಆ ಜನ ಏನು ಬೆಳೆದರು? ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೊರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮತ್ತು ಅವರ ಜೊತೆಯವರು ಬಳ್ಳಾರಿಯ ಸಂಗನಕಲ್ಲು, ತುಂಗಭದ್ರೆಯ ದಡದ ಹಳ್ಳೂರು ಮುಂತಾದ ಕಡೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ನೋಡಿದರು. ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ಪದರಗಳಲ್ಲಿ ನಾಲ್ಕು ಕಾಳು ಮತ್ತೆ ಮತ್ತೆ ಬಂದವು: ಹುರುಳಿ, ಹೆಸರು, ಕೊರಲೆ, ಮತ್ತು ನವಣೆಯ ಕುಲದ, ತೆನೆ ಬಟ್ಟೆಗೆ ಅಂಟಿಕೊಳ್ಳುವ ಒಂದು ಹುಲ್ಲು. ನಾಲ್ಕೂ ಈ ನೆಲದವು. ನಾಲ್ಕೂ ಮುಂಗಾರಿನ ನೀರಿಗೆ ಬೆಳೆದು ಮಳೆ ನಿಂತ ಮೇಲೆ ಮಾಗುವಂಥವು. ಗೋಧಿ, ಬಾರ್ಲಿ ಬಂದದ್ದು ಉತ್ತರದಿಂದ, ಅದೂ ಸ್ವಲ್ಪ.

ಯಾಕೆ ಆಗ, ಯಾಕೆ ಇಲ್ಲಿ? ಆ ಹೊತ್ತಿಗೆ ಮುಂಗಾರು ದುರ್ಬಲವಾಗುತ್ತಾ ಬಂದಿತ್ತು. ಕಾಡು ಹಿಂದೆ ಸರಿದು ಕುರುಚಲು, ಹುಲ್ಲುಗಾವಲು ಹೆಚ್ಚಾಯಿತು. ದನದವರಿಗೆ ಒಳ್ಳೆಯದೇ. ಆದರೆ ಕಾಡಿನ ಅಂಚಿನಲ್ಲಿ ತಾವಾಗಿ ಬೆಳೆಯುತ್ತಿದ್ದ ಹೆಸರು, ಹುರುಳಿಯ ತಾಣಗಳು ದೂರ ಹೋದವು. ಮೊದಲು ಹಾದುಹೋಗುವಾಗ ಕಿತ್ತುಕೊಂಡು ಬರುತ್ತಿದ್ದದ್ದನ್ನು ಈಗ ಬೀಡಿನ ಹತ್ತಿರ ಚೆಲ್ಲಿಕೊಳ್ಳಬೇಕಾಯಿತು. ನನಗೆ ಇದು ಬಲವಾದ ವಾದ ಅನ್ನಿಸುತ್ತೆ, ಕಾಳುಗಳ ಪಟ್ಟಿಗೂ ದನದ ಬದುಕಿಗೂ ಎರಡಕ್ಕೂ ಹೊಂದುತ್ತೆ. ವರ್ಷವೆಲ್ಲ ಹೊಲ ಕಾಯುವವರಲ್ಲ ಅವರು. ಮಳೆಗಾಲಕ್ಕೆ ಒಂದು ಕಡೆ, ಬೇಸಿಗೆಗೆ ಮೇವು ಇರುವ ಕಡೆ.

ಒಂದು ವಿಷಯ ಹುಡುಗನಿಗೆ ಖಂಡಿತ ಹೇಳಿ. ಅವರಪ್ಪ ಬೆಳೆಯುವ ರಾಗಿ ಪಳಗಿದ್ದು ಇಲ್ಲಿ ಅಲ್ಲ, ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ. ಜೋಳ, ಸಜ್ಜೆಯೂ ಆಫ್ರಿಕಾದವೇ. ನವಣೆ ಚೀನಾದ್ದು. ನಿಮ್ಮ ಮಧುಗಿರಿ, ಶಿರಾ, ಪಾವಗಡ ಕಡೆ ಹುಣಸೆ ಮರದ ನೆರಳಲ್ಲೂ ಬರುತ್ತೆ ಅಂತ ಬಿತ್ತುವ ಕೊರಲೆ ಮಾತ್ರ ಅಪ್ಪಟ ಇಲ್ಲಿಯದು.

ತರಗತಿಯಲ್ಲಿ ತೋರಿಸುವುದಕ್ಕೆ ಹುರುಳಿಗಿಂತ ಒಳ್ಳೆಯದಿಲ್ಲ. ಕಾಡು ಹುರುಳಿಯ ಸಿಪ್ಪೆ ದಪ್ಪ, ನೀರು ಒಳಗೆ ಬಿಡುವುದಿಲ್ಲ. ಒಂದು ಮಳೆಗೆ ಎಲ್ಲ ಮೊಳೆತು, ಆಮೇಲೆ ಮಳೆ ಹೋದರೆ ವಂಶವೇ ನಾಶ. ಹಾಗಾಗಿ ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ ಮೊಳೆಯುತ್ತವೆ. ಬಿತ್ತುವವರಿಗೆ ಅದು ಬೇಡ. ಬಿತ್ತಿದ ಕೂಡಲೇ ಮೊಳೆತದ್ದೇ ಕೊಯ್ಲಿಗೆ ಸಿಗುವುದರಿಂದ ವರ್ಷ ಕಳೆದ ಹಾಗೆ ಸಿಪ್ಪೆ ತೆಳುವಾಯಿತು. 2017ರಲ್ಲಿ ಫುಲ್ಲರ್ ಮತ್ತು ಷಾರ್ಲಿನ್ ಮರ್ಫಿ ದಕ್ಷಿಣ ಭಾರತದ ಹಳೆಯ ಹುರುಳಿ ಕಾಳುಗಳನ್ನು ಒಡೆಯದೆ ಇಂಗ್ಲೆಂಡಿನಲ್ಲಿ ಬಲವಾದ ಎಕ್ಸ್‌ರೇ ಹಾಯಿಸಿ ಸಿಪ್ಪೆ ಅಳೆದು ಈ ತೆಳುವಾಗುವಿಕೆಯನ್ನು ತೋರಿಸಿದರು. ನಿಮಗೆ ಎಕ್ಸ್‌ರೇ ಬೇಡ. ಮಕ್ಕಳಿಗೆ ತಲಾ ನೂರು ಹುರುಳಿ ಕಾಳು ಎಣಿಸಿ ರಾತ್ರಿ ನೆನೆಹಾಕಲು ಹೇಳಿ. ಬೆಳಿಗ್ಗೆ ಹೆಚ್ಚಿನವು ಉಬ್ಬಿರುತ್ತವೆ. ಕೆಲವು ಮಾತ್ರ ಕಲ್ಲಿನ ಹಾಗೆ ಹಾಗೇ ಇರುತ್ತವೆ. ಅಮ್ಮಂದಿರು ಮೊಳಕೆ ಕಟ್ಟುವಾಗ ಬೈದುಕೊಂಡು ಆರಿಸಿ ಎಸೆಯುವ ಕಾಳು ಅವೇ. ಕಾಡಿನ ಹಳೆಯ ಗುಣ ಅವುಗಳಲ್ಲಿ ಇನ್ನೂ ಉಳಿದಿದೆ. ಅಂಥ ಕಾಳನ್ನು ಉಪ್ಪುಕಾಗದದಲ್ಲಿ ಸ್ವಲ್ಪ ಉಜ್ಜಿ ಮತ್ತೆ ನೆನೆಹಾಕಿಸಿ, ನೀರು ಕುಡಿಯುತ್ತೆ.

ಉದುರುವುದನ್ನೂ ತೋರಿಸಬಹುದು. ಬದುವಿನ ಮೇಲಿನ ಮಾಗಿದ ಯಾವುದಾದರೂ ಹುಲ್ಲಿನ ತೆನೆ, ಹೊಲದ ರಾಗಿ ತೆನೆ, ಎರಡನ್ನೂ ಬಿಳಿ ಕಾಗದದ ಮೇಲೆ ಒಂದೇ ಥರ ಕೊಡವಿ. ಹುರುಳಿ ಬೆಳೆಯುವ ಮನೆಯ ಮಕ್ಕಳು ಇದ್ದರೆ, ಇಬ್ಬನಿ ಆರುವ ಮೊದಲೇ ಗಿಡ ಕೀಳುವುದು ಯಾಕೆ ಅಂತ ಅವರನ್ನೇ ಕೇಳಿ. ಬಿಸಿಲು ಏರಿದರೆ ಕಾಯಿ ಸಿಡಿಯುತ್ತೆ ಅಂತ ಅವರೇ ಹೇಳುತ್ತಾರೆ. ನಾಲ್ಕು ಸಾವಿರ ವರ್ಷವಾದರೂ ಹುರುಳಿ ಪೂರ್ತಿ ಪಳಗಿಲ್ಲ ನೋಡಿ.

ಪಾಠದ ಕಥೆಯನ್ನು ಹೇಗೆ ಹೇಳುವುದು ಅನ್ನುವುದು ನಿಮ್ಮ ಕೈಯಲ್ಲಿದೆ. ಪರೀಕ್ಷೆಗೆ ಪುಸ್ತಕದಲ್ಲಿರುವುದನ್ನೇ ಬರೆಸಬೇಕಾದರೆ ಬರೆಸಿ, ಅಂಕ ಹೋಗುವುದು ಬೇಡ. ಜೊತೆಗೆ ಒಂದು ಪೀರಿಯಡ್ಡು ಈ ವಾದಗಳಿಗೆ ಇಡಿ. ಹವೆ, ಜನಸಂಖ್ಯೆ, ಹಬ್ಬ, ಒಂದೊಂದಕ್ಕೂ ಒಂದು ಗುಂಪು ಮಾಡಿ ಮಾತಾಡಿಸಿ. "ಯಾರಿಗೂ ಗೊತ್ತಿಲ್ಲ" ಅಂತ ಮಕ್ಕಳು ತೀರ್ಮಾನಿಸಿಬಿಡುವ ಅಪಾಯ ಇದರಲ್ಲಿದೆ. ಅದಕ್ಕೆ ಯಾವ ವಾದಕ್ಕೆ ಯಾವ ವಸ್ತು ಸಾಕ್ಷಿ ಅಂತ ಪ್ರತಿ ಸಲ ಕೇಳಿ. ರೊಟ್ಟಿ ಚೂರು, ಕಣಜ, ಹೆಬ್ಬೆರಳ ಮೂಳೆ, ಬೂದಿ.

ಪ್ರವಾಸಕ್ಕೆ ಹೋಗುವುದಾದರೆ ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಪುರಾತತ್ತ್ವ ಸಂಗ್ರಹಾಲಯ ಇದೆ, ಸಂಗನಕಲ್ಲಿನ ವಸ್ತುಗಳನ್ನು ಅಲ್ಲಿ ಇಟ್ಟಿದ್ದಾರೆ. ಬೆಟ್ಟಕ್ಕೂ ಕರೆದುಕೊಂಡು ಹೋಗಬಹುದು, ಬಂಡೆಯ ಮೇಲೆ ಕಲ್ಲುಕೊಡಲಿ ಉಜ್ಜಿ ಉಜ್ಜಿ ಬಿದ್ದ ತಗ್ಗುಗಳು ಈಗಲೂ ಇವೆ. ಆ ಸುತ್ತಿನಲ್ಲಿ ಕಲ್ಲು ಗಣಿಗಾರಿಕೆಯಿಂದ ಆಗಲೇ ಸಾಕಷ್ಟು ಹಾಳಾಗಿದೆ. ಹಾಗಾಗಿ ಮಕ್ಕಳು ಒಂದು ಮಡಕೆ ಚೂರನ್ನೂ ಜೇಬಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ, ಬೂದಿದಿಬ್ಬ ಕೆದಕುವುದು ಬೇಡವೇ ಬೇಡ. ಮಣ್ಣು ತೇಲಿಸಿ ನೋಡುವ ಆಸೆ ಇದ್ದರೆ ಯಾರದಾದರೂ ಮನೆಯ ಸೌದೆ ಒಲೆಯ ಬೂದಿ ತಂದು ಬಕೆಟ್ಟಿನಲ್ಲಿ ಕಲಕಿ. ಸುಟ್ಟ ರಾಗಿ, ಅವರೆ ಸಿಪ್ಪೆ ಏನಾದರೂ ಸಿಕ್ಕೇ ಸಿಗುತ್ತೆ. ಬಳ್ಳಾರಿಗೆ ಡಿಸೆಂಬರ್-ಜನವರಿಯಲ್ಲಿ ಹೋಗಿ. ಮಾರ್ಚ್ ದಾಟಿದರೆ ಆ ಬಂಡೆಗಳ ಮೇಲೆ ಮಕ್ಕಳನ್ನು ನಿಲ್ಲಿಸಲು ಆಗುವುದಿಲ್ಲ.